ಕಿತ್ತಳೆ ಅಂಗಿಯ ಹಿಂದಿನ ನೋವು

ಕೆನಡಾಕ್ಕೆ ಬಂದ ಹೊಸತರಲ್ಲಿ ನಮ್ಮವರೇ ನಮಗೆ ನೀಡಿದ ಬುದ್ಧಿಮಾತುಗಳಲ್ಲಿ ಇದೂ ಒಂದು: "ಇಲ್ಲಿನ ಮೂಲನಿವಾಸಿಗಳ ಸಹವಾಸಕ್ಕೆ ಹೋಗಬೇಡಿ. ಸರಕಾರದ ದುಡ್ಡಿನಲ್ಲಿ ಕುಡಿದು ಬಿದ್ದಿರುತ್ತಾರೆ." ವ್ಯಾಂಕೂವರಿನ ಕೆಲವು ಬೀದಿಗಳಲ್ಲಿ ಹಾಗೆ ಬಿದ್ದಿರುವವರನ್ನು ನಾವೂ ಕಂಡೆವು. ಆದರೆ ಅವರೇಕೆ ಕುಡಿಯುತ್ತಾರೆ?

ಉತ್ತರದ ಎಳೆ ಸಿಕ್ಕಿದ್ದು ಮಕ್ಕಳ ಶಾಲೆಯಿಂದ. ಪ್ರತಿ ಸೆಪ್ಟೆಂಬರ್ 30ಕ್ಕೆ ಇಲ್ಲಿ ಮಕ್ಕಳು ಕಿತ್ತಳೆ ಬಣ್ಣದ ಅಂಗಿ ತೊಡುತ್ತಾರೆ. 1973ರಲ್ಲಿ ಫಿಲಿಸ್ ವೆಬ್‌ಸ್ಟಾಡ್ ಎಂಬ ಆರು ವರ್ಷದ ಹುಡುಗಿ ಅಜ್ಜಿ ಕೊಡಿಸಿದ ಹೊಸ ಕಿತ್ತಳೆ ಅಂಗಿ ತೊಟ್ಟು, ವಿಲಿಯಮ್ಸ್ ಲೇಕ್ ಬಳಿಯ ಸೇಂಟ್ ಜೋಸೆಫ್ಸ್ ಮಿಷನ್ ವಸತಿ ಶಾಲೆಗೆ ಹೋದಳು. ಮೊದಲ ದಿನವೇ ಅದನ್ನು ಕಿತ್ತುಕೊಂಡರು. ಅಂಗಿ ಒಂದು ನೆಪ ಅಷ್ಟೆ. ಇಂಥ ಶಾಲೆಗಳಿಗೆ ದೇಶದಾದ್ಯಂತ ಸುಮಾರು 1,50,000 ಮಕ್ಕಳನ್ನು ಒಯ್ಯಲಾಗಿತ್ತು. ತಾಯ್ನುಡಿ ಆಡಿದರೆ ಪೆಟ್ಟು. ಅನೇಕರ ಮೇಲೆ ಲೈಂಗಿಕ ದೌರ್ಜನ್ಯ. 2015ರಲ್ಲಿ ಸತ್ಯ ಮತ್ತು ಸಾಮರಸ್ಯ ಆಯೋಗ ಇದನ್ನು ಸಾಂಸ್ಕೃತಿಕ ನರಮೇಧವೆಂದೇ ಕರೆಯಿತು. ಅಪ್ಪ ಅಮ್ಮನ ಮಡಿಲನ್ನೇ ಕಾಣದೆ ಬೆಳೆದ ಮಗು ಮುಂದೆ ತಾನೇ ತಾಯಿಯಾದಾಗ ಮಗುವನ್ನು ಹೇಗೆ ಎತ್ತಿಕೊಳ್ಳಬೇಕು? ಕಲಿಸಿದವರು ಯಾರು? ನೋವನ್ನು ಮರೆಯಲು ಬಾಟಲಿ ಸುಲಭವಾಗಿ ಕೈಗೆ ಸಿಗುತ್ತಿತ್ತು.

ಅದೇ ಶಾಲೆಗೆ ಮಕ್ಕಳನ್ನು ಕಳೆದುಕೊಂಡ ಊರುಗಳಲ್ಲಿ ಆಲ್ಕಲಿ ಲೇಕ್ ಒಂದು. ಸೆಕ್ವೆಪೆಮ್ಕ್ ಜನರ ಪುಟ್ಟ ಊರು. 1970ರ ಸುಮಾರಿಗೆ ಅಲ್ಲಿ ಕುಡಿಯದ ದೊಡ್ಡವರೇ ಇರಲಿಲ್ಲವೆನ್ನಬಹುದು. 1972ರಲ್ಲಿ ಫಿಲಿಸ್ ಚೆಲ್ಸಿ ಮಗಳನ್ನು ಕರೆತರಲು ಅಜ್ಜಿಯ ಮನೆಗೆ ಹೋದರು. "ನೀವು ಕುಡಿಯುತ್ತೀರಿ, ನಾನು ಬರುವುದಿಲ್ಲ" ಎಂದಳು ಆ ಏಳು ವರ್ಷದ ಹುಡುಗಿ. ತಾಯಿ ಅಂದೇ ಕುಡಿತ ಬಿಟ್ಟರು. ಸ್ವಲ್ಪ ಸಮಯದಲ್ಲೇ ಪತಿ ಆಂಡಿಯೂ ಬಿಟ್ಟರು.

ಮೊದಮೊದಲು ಊರು ಅವರನ್ನು ದೂರವಿಟ್ಟಿತು. ಮುಂದೆ ಆಂಡಿ ಸಮುದಾಯದ ಮುಖ್ಯಸ್ಥರಾದರು. ಗುರುತು ಹಾಕಿದ ನೋಟು ಕೊಟ್ಟು, ಪೊಲೀಸರ ನೆರವಿನಿಂದ ಕಳ್ಳ ಸಾರಾಯಿ ಮಾರುವವರನ್ನು ಹಿಡಿಸಿದರು. ಕುಡುಕರಿಗೆ ಬರುವ ಸಹಾಯಧನವನ್ನು ನಗದಿನ ಬದಲು ದಿನಸಿ ಚೀಟಿಯಾಗಿ ಕೊಡತೊಡಗಿದರು. ಕಠಿಣ ಕ್ರಮ, ನಿಜ. ಆದರೆ ನಮ್ಮನ್ನು ತಟ್ಟಿದ್ದು ಇದಲ್ಲ. ಒಬ್ಬರು ಚಿಕಿತ್ಸೆಗೆ ಹೋದರೆ ಊರವರೇ ಅವರ ಮಕ್ಕಳನ್ನು ನೋಡಿಕೊಂಡರು, ಮನೆ ದುರಸ್ತಿ ಮಾಡಿಟ್ಟರು. ನಮ್ಮ ದೊಡ್ಡಪ್ಪನನ್ನು ಎರಡು ಸಲ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದ್ದೆವು. ಎರಡು ಸಲವೂ ಅವರು ಮರಳಿದ್ದು ಅದೇ ಗಡಂಗು, ಅದೇ ಗೆಳೆಯರು, ನೆಂಟರ ಅದೇ ಕೊಂಕುನುಡಿಯ ನಡುವೆ. ಮೂರನೆಯ ಸಲಕ್ಕೆ ಅವರೇ ಉಳಿಯಲಿಲ್ಲ. ಅವರಿಗೆ ಮದ್ದು ಸಿಕ್ಕಿತ್ತು, ಊರು ಸಿಗಲಿಲ್ಲ.

1980ರ ದಶಕದ ಮಧ್ಯದ ಹೊತ್ತಿಗೆ ಆಲ್ಕಲಿ ಲೇಕಿನ ಶೇ. 95ರಷ್ಟು ಮಂದಿ ಕುಡಿತದಿಂದ ಹೊರಬಂದಿದ್ದರೆಂಬುದು ಸಮುದಾಯ ಹೇಳಿದ ಲೆಕ್ಕ. ಈ ಕತೆ ಚಲನಚಿತ್ರವಾದಾಗ ಊರವರೇ ಪಾತ್ರ ವಹಿಸಿದರು. ಕೈಬಿಟ್ಟುಹೋಗಿದ್ದ ಡೋಲು, ಹಾಡು, ಬಿಸಿ ಹಬೆಯ ಗುಡಾರದ ಪ್ರಾರ್ಥನೆ ಮರಳಿ ಬಂದವು.

ಅಲ್ಲಿಗೆ ಎಲ್ಲವೂ ಸುಖಾಂತ್ಯವಾಯಿತೆಂದು ಭಾವಿಸಬೇಡಿ. ಅಮಲು ಇಳಿದ ಮೇಲೆಯೇ ಶಾಲೆಯ ನೆನಪುಗಳು ಎದ್ದು ಬಂದವು. ದೌರ್ಜನ್ಯದ ಬಗ್ಗೆ ಜನ ಬಾಯಿಬಿಟ್ಟದ್ದು ಆಗಲೇ. 2022ರಲ್ಲಿ ಆ ಶಾಲೆಯ ಆವರಣದ ಒಂದು ಭಾಗವನ್ನು ರಾಡಾರ್‌ನಿಂದ ಪರಿಶೀಲಿಸಿದಾಗ ಸಮಾಧಿಗಳಿರಬಹುದಾದ 93 ತಾಣಗಳು ಗೋಚರಿಸಿದವು. ಇತ್ತ ಬಾಟಲಿಯ ಜಾಗಕ್ಕೆ ಫೆಂಟಾನಿಲ್ ಬಂದಿದೆ. ಮಿತಿಮೀರಿದ ಮಾದಕ ಸೇವನೆಯ ಸಾವುಗಳಿಂದಾಗಿ 2016ರಲ್ಲಿ ನಮ್ಮ ಪ್ರಾಂತ್ಯ ಆರೋಗ್ಯ ತುರ್ತುಸ್ಥಿತಿ ಘೋಷಿಸಿತು. ಮೂಲನಿವಾಸಿಗಳಲ್ಲಿ ಹಾಗೆ ಸಾಯುವವರ ಪ್ರಮಾಣ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು.