ಎಡಿನ್‌ಬರೋ ನಗರದ ದಫ್ತರ ಮಂದಿರ

ಸ್ಕಾಟ್ಲೆಂಡಿನ ರಾಜಧಾನಿಯಾದ ಎಡಿನ್‌ಬರೋ ನಗರಕ್ಕೆ ಹೋದ ಯಾತ್ರಿಕರು ಬಂಡೆಯ ಮೇಲಿನ ಕೋಟೆಯನ್ನೂ ಹೋಲಿರೂಡ್ ಅರಮನೆಯನ್ನೂ ನೋಡದೆ ಹಿಂದಿರುಗುವುದಿಲ್ಲ. ಕೋಟೆಯಲ್ಲಿ ಅರಸರ ಕಿರೀಟವುಂಟು. ಅರಮನೆಯಲ್ಲಿ ರಾಣಿ ಮೇರಿಯು ವಾಸಮಾಡಿದ ಕೊಠಡಿಗಳುಂಟು. ಆದರೆ ಆ ದೇಶದ ಕಮ್ಮಾರರು, ಕುರಿಗಾಹಿಗಳು, ಮೀನುಗಾರರು, ಗಣಿಯ ಕೂಲಿಗಳು, ಮನೆಗೆಲಸದ ಹೆಣ್ಣುಮಕ್ಕಳು, ಇವರ ಹೆಸರುಗಳು ಎಲ್ಲಿ ಉಳಿದಿವೆ ಎಂದು ಕೇಳಿದರೆ ಉತ್ತರವು ಕೋಟೆಯಲ್ಲಿಯೂ ದೊರೆಯದು, ಅರಮನೆಯಲ್ಲಿಯೂ ದೊರೆಯದು. ಪ್ರಿನ್ಸೆಸ್ ಬೀದಿಯ ಪೂರ್ವದ ತುದಿಯಲ್ಲಿರುವ ಒಂದು ಸರಕಾರಿ ಕಟ್ಟಡದಲ್ಲಿ ಅದು ದೊರೆಯುತ್ತದೆ. ವಾಚಕರನ್ನು ಈ ತಿಂಗಳು ಅಲ್ಲಿಗೆ ಕರೆದೊಯ್ಯಬೇಕೆಂದು ನಮ್ಮ ಇಚ್ಛೆ.

ವೇವರ್ಲಿ ರೈಲು ನಿಲ್ದಾಣದಿಂದ ಮೆಟ್ಟಿಲೇರಿ ಬೀದಿಗೆ ಬಂದರೆ ಬಾಲ್ಮೋರಲ್ ಹೋಟೆಲಿನ ಗಡಿಯಾರದ ಗೋಪುರವು ಮೊದಲು ಕಣ್ಣಿಗೆ ಬೀಳುತ್ತದೆ. ರೈಲಿಗೆ ಹೋಗುವವರು ತಡಮಾಡದಿರಲೆಂದು ಈ ಗಡಿಯಾರವನ್ನು ಮೂರು ನಿಮಿಷ ಮುಂದಿಟ್ಟಿರುವುದು ಆ ಊರಿನ ವಾಡಿಕೆ. ಅದರ ಇದಿರಿನಲ್ಲಿ ಕುದುರೆಯೇರಿದ ವೀರನೊಬ್ಬನ ಕಂಚಿನ ಪ್ರತಿಮೆಯಿದೆ. ಈತನು ವೆಲಿಂಗ್ಟನ್ ಪ್ರಭು. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಕರ್ನಲ್ ವೆಲ್ಲೆಸ್ಲಿಯೇ ಈತನೆಂಬುದನ್ನು ನಮ್ಮವರು ಮರೆಯಲಾರರು. ಆ ಪ್ರತಿಮೆಯ ಹಿಂದಿನ ಗಂಭೀರವಾದ ಕಲ್ಲಿನ ಸೌಧವೇ ಜನರಲ್ ರಿಜಿಸ್ಟರ್ ಹೌಸ್, ಎಂದರೆ ದೇಶದ ಮುಖ್ಯ ದಫ್ತರ ಮಂದಿರ. ರಾಬರ್ಟ್ ಆಡಂ ಎಂಬ ಹೆಸರಾಂತ ವಾಸ್ತುಶಿಲ್ಪಿಯು ಇದರ ನಕ್ಷೆಯನ್ನು ರಚಿಸಿದನು. 1774ರಲ್ಲಿ ಅಸ್ತಿಭಾರದ ಕಲ್ಲನ್ನಿಟ್ಟರು. ಅರಸನ ಮೇಲೆ ದಂಗೆಯೆದ್ದ ಜಾಕೊಬೈಟರ ಜಹಗೀರುಗಳನ್ನು ಮುಟ್ಟುಗೋಲು ಹಾಕಿ ಬಂದ ಹಣದಲ್ಲಿ 12,000 ಪೌಂಡುಗಳನ್ನು ಇದಕ್ಕೆಂದು ಕೊಟ್ಟಿದ್ದರು. ಆ ಹಣವು ಸಾಲದೆ ಕೆಲಸವು ಕೆಲವು ವರ್ಷ ನಿಂತುಹೋಯಿತು. ಮಾಡಿಲ್ಲದ ಗೋಡೆಗಳಲ್ಲಿ ಪಾರಿವಾಳಗಳು ಸಂಸಾರ ಹೂಡಿದುವು. ಇಷ್ಟು ಭವ್ಯವಾದ ಪಾರಿವಾಳದ ಗೂಡು ಯೂರೋಪಿನಲ್ಲಿ ಬೇರೊಂದಿಲ್ಲವೆಂದು ಊರಿನವರು ನಗೆಯಾಡಿದರಂತೆ.

ಇದರ ಮಗ್ಗುಲಲ್ಲಿ ರಾಬರ್ಟ್ ಮ್ಯಾಥೆಸನ್ ಎಂಬವನ ಯೋಜನೆಯಂತೆ 1859ರಿಂದ 1863ರೊಳಗೆ ಕಟ್ಟಿದ ಹೊಸ ರಿಜಿಸ್ಟರ್ ಹೌಸ್ ಇದೆ. ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆದುದು ಈ ಎರಡನೆಯದೇ. ಒಳಗೆ ಎತ್ತರವಾದ ಗುಮ್ಮಟ; ಅದರ ಸುತ್ತಲೂ ಒಂದರ ಮೇಲೊಂದಾಗಿ ಐದು ಅಂತಸ್ತಿನ ಕಬ್ಬಿಣದ ಮೊಗಸಾಲೆಗಳು; ಅವುಗಳ ತುಂಬ ಹೊತ್ತಗೆಗಳು. ಜನನದ ಹೊತ್ತಗೆಗಳಿಗೆ ಕೆಂಪು ರಟ್ಟು, ಮದುವೆಯವಕ್ಕೆ ಹಸಿರು, ಮರಣದವಕ್ಕೆ ಕಪ್ಪು. ಗುಮ್ಮಟದ ನಡುವೆ ನಿಂತು ತಲೆಯೆತ್ತಿದರೆ ಒಂದು ಜನಾಂಗದ ತೊಟ್ಟಿಲು, ಹಸೆ, ಚಟ್ಟ ಮೂರನ್ನೂ ಒಂದೇ ನೋಟದಲ್ಲಿ ಕಂಡಂತಾಗುವುದು.

ಈ ಹೊತ್ತಗೆಗಳು ಹುಟ್ಟಿದ ಬಗೆಯನ್ನು ಸ್ವಲ್ಪ ಹೇಳಬೇಕು. 1855ಕ್ಕೆ ಮೊದಲು ಸ್ಕಾಟ್ಲೆಂಡಿನಲ್ಲಿ ಹುಟ್ಟುಸಾವುಗಳ ಲೆಕ್ಕವಿಡುವುದು ಸರಕಾರದ ಕೆಲಸವಾಗಿರಲಿಲ್ಲ. ಪ್ಯಾರಿಷ್ ಎಂಬ ಗ್ರಾಮಗ್ರಾಮದ ಚರ್ಚಿನಲ್ಲಿ ಪಾದ್ರಿಯೋ ಗುಮಾಸ್ತೆಯೋ ನಾಮಕರಣ ಮದುವೆಗಳನ್ನು ಬರೆದಿಡುತ್ತಿದ್ದರು. ಇಂಥ ಪುಸ್ತಕಗಳಲ್ಲಿ ಎಲ್ಲಕ್ಕಿಂತ ಹಳೆಯದು ಪರ್ತ್ ಸೀಮೆಯ ಎರೋಲ್ ಎಂಬ ಊರಿನದು. ಅದು 1553ರಲ್ಲಿ ಆರಂಭವಾಗುತ್ತದೆ. ಆದರೆ ಎಲ್ಲ ಊರುಗಳಲ್ಲಿಯೂ ಇಷ್ಟು ಶ್ರದ್ಧೆಯಿರಲಿಲ್ಲ. 1783ರಲ್ಲಿ ಸರಕಾರವು ಒಂದೊಂದು ಬರಹಕ್ಕೂ ಮೂರು ಪೆನ್ನಿಯ ತೆರಿಗೆಯನ್ನು ವಿಧಿಸಿತು. ತೆರಿಗೆಗೆ ಹೆದರಿ ಎಷ್ಟೋ ಜನರು ಮಕ್ಕಳ ಹೆಸರನ್ನು ಬರೆಯಿಸುವುದನ್ನೇ ಬಿಟ್ಟರು. 1794ರಲ್ಲಿ ತೆರಿಗೆಯು ಹೋಯಿತಾದರೂ ಬಿಟ್ಟ ಅಭ್ಯಾಸವು ಬೇಗ ಮರಳಲಿಲ್ಲ. ಮೇಲಾಗಿ, ಮುಖ್ಯ ಚರ್ಚನ್ನು ಬಿಟ್ಟು ಬೇರೆ ಪಂಗಡಗಳಿಗೆ ಸೇರಿದವರ ಹೆಸರುಗಳು ಈ ಪುಸ್ತಕಗಳಲ್ಲಿ ಕಾಣುವುದು ಅಪೂರ್ವ. 1843ರಲ್ಲಿ ಚರ್ಚೇ ಎರಡಾಗಿ ಒಡೆದ ಮೇಲಂತೂ ಲೆಕ್ಕವು ಇನ್ನಷ್ಟು ಹದಗೆಟ್ಟಿತು.

ಕಡೆಗೆ 1854ರಲ್ಲಿ ಶಾಸನವಾಗಿ, 1855ನೆಯ ಜನವರಿ 1ರಿಂದ ಜನನ ಮರಣ ವಿವಾಹಗಳನ್ನು ಸರಕಾರದ ರಿಜಿಸ್ಟ್ರಾರನಲ್ಲಿ ಬರೆಯಿಸುವುದು ಕಡ್ಡಾಯವಾಯಿತು. ಇಂಗ್ಲೆಂಡಿನಲ್ಲಿ ಇದು 1837ರಲ್ಲಿಯೇ ಬಂದಿತ್ತು. ಹದಿನೆಂಟು ವರ್ಷ ತಡವಾದರೂ ಸ್ಕಾಟರು ಅಣ್ಣನನ್ನು ಮೀರಿಸಿದರು. ಮಗು ಹುಟ್ಟಿದ 21 ದಿನದೊಳಗೆ, ಸಾವು ಸಂಭವಿಸಿದ 8 ದಿನದೊಳಗೆ ತಿಳಿಸಬೇಕು. ಪ್ರತಿಯೊಂದು ಪುಸ್ತಕಕ್ಕೂ ಎರಡು ಪ್ರತಿ: ಒಂದು ಊರಿನಲ್ಲಿ, ಇನ್ನೊಂದು ರಾಜಧಾನಿಯಲ್ಲಿ. ವಿಲಿಯಂ ಪಿಟ್ ಡಂಡಾಸ್ ಎಂಬವನು ಮೊದಲ ರಿಜಿಸ್ಟ್ರಾರ್ ಜನರಲ್ ಆದನು.

ಈ ಪುಸ್ತಕಗಳಲ್ಲಿ ಏನೇನಿದೆ? ಜನನದ ಬರಹದಲ್ಲಿ ಮಗುವಿನ ಹೆಸರು, ದಿನ, ಸ್ಥಳಗಳಲ್ಲದೆ ಹುಟ್ಟಿದ ಗಂಟೆಯೂ ಇದೆ. ಜಾತಕ ಬರೆಯಿಸುವ ನಮ್ಮವರಿಗೆ ಇದು ಸಹಜವೆಂದು ತೋರಬಹುದು. ಆದರೆ ಇಂಗ್ಲೆಂಡಿನಲ್ಲಿ ಅವಳಿಜವಳಿ ಹುಟ್ಟಿದಾಗ ಹೊರತು ಗಂಟೆಯನ್ನು ಬರೆಯುವ ಪದ್ಧತಿಯಿಲ್ಲ. ತಂದೆಯ ಕಸುಬು, ತಾಯಿಯ ತವರಿನ ಮನೆತನ, ತಂದೆತಾಯಿಗಳ ಮದುವೆಯಾದ ದಿನ ಮತ್ತು ಊರು, ಇವೂ ಉಂಟು. ಮದುವೆಯ ಬರಹದಲ್ಲಿ ವಧೂವರರಿಬ್ಬರ ತಂದೆತಾಯಿಗಳ ಹೆಸರುಗಳಿವೆ. ಮರಣದ ಬರಹದಲ್ಲಿ ಸತ್ತವನು ತೊಂಬತ್ತರ ಮುದುಕನಾಗಿದ್ದರೂ ಅವನ ತಂದೆಯ ಹೆಸರನ್ನೂ, ತಾಯಿಯ ಹೆಸರನ್ನೂ, ಆಕೆ ಹುಟ್ಟಿದ ಮನೆತನವನ್ನೂ ಕೇಳಿ ಬರೆದಿದ್ದಾರೆ.

ಈ ಕೊನೆಯ ಮಾತೇ ಸ್ಕಾಟ್ಲೆಂಡಿನ ದಫ್ತರದ ಹಿರಿಮೆ. ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣು ಗಂಡನ ಹೆಸರಿನಲ್ಲಿ ಕರಗಿಹೋಗುತ್ತಿದ್ದಳು. ಸ್ಕಾಟ್ಲೆಂಡಿನಲ್ಲಿ ಹೆಣ್ಣು ಕಾನೂನಿನ ಕಾಗದಗಳಲ್ಲಿ ತನ್ನ ತವರಿನ ಹೆಸರನ್ನು ಬಿಟ್ಟುಕೊಡುತ್ತಿರಲಿಲ್ಲ. ಗೋರಿಯ ಕಲ್ಲಿನ ಮೇಲೂ ಅದೇ ಹೆಸರು. ಆದುದರಿಂದ ವಿವಾಹಿತೆಯ ಮರಣವನ್ನು ಅನುಕ್ರಮಣಿಕೆಯಲ್ಲಿ ಗಂಡನ ಹೆಸರಿನಡಿಯಲ್ಲಿಯೂ ತವರಿನ ಹೆಸರಿನಡಿಯಲ್ಲಿಯೂ ಹುಡುಕಬಹುದು. ವಂಶವೃಕ್ಷವನ್ನು ಬರೆಯುವವರಿಗೆ ಸಾಮಾನ್ಯವಾಗಿ ಗಂಡುಕೊಂಬೆಗಳು ಮಾತ್ರ ಕಾಣುತ್ತವೆ. ಇಲ್ಲಿ ತಾಯಿಯ ತಾಯಿ, ಆಕೆಯ ತಾಯಿ, ಹೀಗೆ ಹೆಣ್ಣುಬೇರುಗಳನ್ನು ಹಿಡಿದೂ ಕೆಳಕ್ಕಿಳಿಯಬಹುದು.

ಮೊದಲ ವರ್ಷವಾದ 1855ರ ಪುಸ್ತಕಗಳು ಇನ್ನೂ ವಿಶೇಷ. ಆ ವರ್ಷ ತಂದೆತಾಯಿಗಳ ವಯಸ್ಸು, ಹುಟ್ಟೂರು, ಬದುಕಿರುವ ಮತ್ತು ತೀರಿಹೋದ ಮಕ್ಕಳ ಸಂಖ್ಯೆ ಇವನ್ನೆಲ್ಲ ಜನನದ ಬರಹದಲ್ಲಿಯೇ ಸೇರಿಸಿದರು. ಸತ್ತವರ ವಿಷಯದಲ್ಲಿ ಹುಟ್ಟಿದ ಊರು, ಆ ಸೀಮೆಯಲ್ಲಿ ಎಷ್ಟು ಕಾಲ ವಾಸವಾಗಿದ್ದರೆಂಬುದು, ಎಲ್ಲ ಮಕ್ಕಳ ಹೆಸರು ಮತ್ತು ವಯಸ್ಸು, ಹೂಳಿದ ಸ್ಥಳ, ಎಲ್ಲವೂ ಉಂಟು. ಇಷ್ಟನ್ನು ಕೇಳಿ ಬರೆಯುವುದು ರಿಜಿಸ್ಟ್ರಾರರಿಗೆ ಬಲು ಹೊರೆಯಾಯಿತು. 1856ರಲ್ಲಿ ಬಹುಭಾಗವನ್ನು ಕೈಬಿಟ್ಟರು. ತಂದೆತಾಯಿಗಳ ಮದುವೆಯ ವಿವರವು ಮಾತ್ರ 1861ರಿಂದ ಮತ್ತೆ ಬಂದಿತು. ಮನೆತನದವರೊಬ್ಬರು 1855ರಲ್ಲಿ ಹುಟ್ಟಿದ್ದರೆ, ಮದುವೆಯಾಗಿದ್ದರೆ, ಅಥವಾ ಸತ್ತಿದ್ದರೆ ಹುಡುಕುವವರ ಭಾಗ್ಯವೆಂದೇ ಹೇಳಬೇಕು. ಆ ವರ್ಷ ಎಂಬತ್ತು ತುಂಬಿ ಸತ್ತವಳೊಬ್ಬಳು 1775ರ ಸುಮಾರಿಗೆ ಹುಟ್ಟಿದವಳು. ಆಕೆಯ ತಂದೆತಾಯಿಗಳು ಅದಕ್ಕೂ ಹಿಂದಿನವರು. ಹೀಗೆ, ಯಾವ ಪಾದ್ರಿಯೂ ಬರೆದಿಡದ ಬಡವರ ಹೆಸರನ್ನು ನೂರು ವರ್ಷದಷ್ಟು ಹಿಂದಿನಿಂದ ಒಂದು ಮರಣದ ಬರಹವು ಎತ್ತಿಕೊಡುತ್ತದೆ.

ಹುಡುಕುವ ಕ್ರಮವು ಸರಳ. ತಿಳಿದುದರಿಂದ ತಿಳಿಯದುದಕ್ಕೆ, ಇಂದಿನಿಂದ ಹಿಂದಕ್ಕೆ, ಒಂದೊಂದೇ ಮೆಟ್ಟಿಲು ಇಳಿಯಬೇಕು. ಷರ್ಲಾಕ್ ಹೋಮ್ಸನ ಪತ್ತೇದಾರಿ ಕಥೆಗಳನ್ನು ಬರೆದ ಆರ್ಥರ್ ಕೊನನ್ ಡಾಯ್ಲ್ ಈ ಮಂದಿರದಿಂದ ಸ್ವಲ್ಪ ದೂರದ ಪಿಕಾರ್ಡಿ ಪ್ಲೇಸಿನಲ್ಲಿ 1859ನೆಯ ಮೇ 22ರಂದು ಹುಟ್ಟಿದನು. ಅವನ ಹುಟ್ಟು 1856 ಮತ್ತು 1861ರ ನಡುವೆ ಬಿದ್ದುದರಿಂದ ತಂದೆತಾಯಿಗಳ ಮದುವೆಯ ದಿನವು ಜನನದ ಬರಹದಲ್ಲಿ ಸಿಕ್ಕದು. ಆದರೆ ತಾಯಿಯ ತವರಿನ ಹೆಸರು ಫೋಲಿ ಎಂಬುದು ಸಿಕ್ಕುತ್ತದೆ. ಡಾಯ್ಲ್ ಮತ್ತು ಫೋಲಿ ಎಂಬ ಎರಡು ಹೆಸರುಗಳನ್ನು ಹಿಡಿದು ಮದುವೆಯ ಪುಸ್ತಕದಲ್ಲಿ ಹಿಂದಕ್ಕೆ ನೋಡುತ್ತ ಹೋದರೆ 1855ಕ್ಕೆ ಬಂದು ನಿಲ್ಲುತ್ತೇವೆ. ಎಲ್ಲಕ್ಕಿಂತ ಹೆಚ್ಚು ವಿವರಗಳಿರುವ ವರ್ಷವದೇ. ಹೋಮ್ಸನೂ ಮೆಚ್ಚುವಂಥ ಪತ್ತೆ ಇದು.

ಆದರೆ ಈ ಪುಸ್ತಕಗಳು ಸವಿಯಾದುದನ್ನು ಮಾತ್ರ ಹೇಳುವುದಿಲ್ಲ. ಮದುವೆಯಿಲ್ಲದೆ ಹುಟ್ಟಿದ ಮಗುವಿನ ಹೆಸರಿನ ಕೆಳಗೆ 'ಅನೌರಸ' ಎಂಬ ಅರ್ಥದ ಪದವನ್ನು ಆ ಕಾಲದಲ್ಲಿ ಬರೆಯುತ್ತಿದ್ದರು. ತಂದೆಯು ತಾನಾಗಿ ಬಂದು ರುಜುಮಾಡಿದರೆ ಅವನ ಹೆಸರು ಸೇರುವುದು. ಇಲ್ಲವಾದರೆ ಆ ಸ್ಥಳವು ಖಾಲಿ. ತಾಯಿಯು ನ್ಯಾಯಸ್ಥಾನಕ್ಕೆ ಹೋಗಿ ಗೆದ್ದಿದ್ದರೆ, ತೀರ್ಪಿನ ಸಂಗತಿಯನ್ನು ತಿದ್ದುಪಡಿಗಳ ಬೇರೊಂದು ಪುಸ್ತಕದಲ್ಲಿ ಬರೆದಿರುತ್ತದೆ. 1856ನೆಯ ಆಗಸ್ಟ್ 15ರಂದು ಲ್ಯಾನರ್ಕ್ ಸೀಮೆಯಲ್ಲಿ ಮೇರಿ ಎಂಬ ಮನೆಗೆಲಸದ ಅವಿವಾಹಿತ ಹೆಣ್ಣಿಗೆ ಗಂಡುಮಗುವೊಂದು ಹುಟ್ಟಿತು. ಮುಂದೆ ಆಕೆಯನ್ನು ಮದುವೆಯಾದ ಡೇವಿಡ್ ಹಾರ್ಡಿ ಎಂಬವನ ಹೆಸರನ್ನು ಆ ಹುಡುಗನು ಧರಿಸಿದನು. ಬಾಲ್ಯದಲ್ಲಿಯೇ ಕಲ್ಲಿದ್ದಲ ಗಣಿಯಲ್ಲಿ ದುಡಿದನು. 1892ರಲ್ಲಿ ಪಾರ್ಲಿಮೆಂಟನ್ನು ಪ್ರವೇಶಿಸಿದನು. ಬ್ರಿಟನ್ನಿನ ಕಾರ್ಮಿಕ ಪಕ್ಷವನ್ನು ಕಟ್ಟಿದವರಲ್ಲಿ ಮುಖ್ಯನಾಗಿ, 1907ರಲ್ಲಿ ಭಾರತಕ್ಕೂ ಬಂದು ಇಲ್ಲಿಯ ಜನರ ಪರವಾಗಿ ಮಾತನಾಡಿದ ಕೀರ್ ಹಾರ್ಡಿಯೇ ಈತನು. ಅವನ ಹೆಸರಿನಲ್ಲಿರುವ 'ಕೀರ್' ಎಂಬುದು ತಾಯಿಯ ಮನೆತನ. ಸಮಾಜವು ತಲೆತಗ್ಗಿಸುವಂತೆ ಮಾಡಿದ ತಾಯಿಯ ಹೆಸರನ್ನು ಮಗನು ಸಭೆಸಭೆಗಳಲ್ಲಿ ತಲೆಯೆತ್ತಿ ಹೊತ್ತನು.

ಇನ್ನು ಎಚ್ಚರಿಕೆಯ ಮಾತು. ಸರಕಾರದ ಪುಸ್ತಕದಲ್ಲಿರುವುದೆಲ್ಲ ಸತ್ಯವೆಂದು ಭಾವಿಸಲಾಗದು. ಹುಟ್ಟಿದ ಸುದ್ದಿಯನ್ನು ಹೇಳುವವರು ತಂದೆತಾಯಿಗಳು. ಅವರಿಗೆ ವಿಷಯವು ಗೊತ್ತು. ಸತ್ತ ಸುದ್ದಿಯನ್ನು ಹೇಳುವವನು ಮೊಮ್ಮಗನೋ ನೆರೆಯವನೋ ಆಗಿರಬಹುದು. ಮುದುಕಿಯ ತಾಯಿಯ ಹೆಸರು ಅವನಿಗೇನು ಗೊತ್ತು? ಆದುದರಿಂದ ಸುದ್ದಿ ಹೇಳಿದವರ ರುಜುವನ್ನು ಮೊದಲು ನೋಡಬೇಕು. ಓದುಬರಹವಿಲ್ಲದವರು ರುಜುವಿನ ಬದಲು ಕತ್ತರಿಯಾಕಾರದ ಗುರುತನ್ನು ಹಾಕಿರುತ್ತಾರೆ. ಅಂಥವರು ಹೇಳಿದ ಹೆಸರನ್ನು ರಿಜಿಸ್ಟ್ರಾರನು ತನ್ನ ಕಿವಿಗೆ ಬಿದ್ದಂತೆ ಬರೆದಿರುತ್ತಾನೆ. ಗೇಲಿಕ್ ಭಾಷೆಯನ್ನಾಡುವ ಬೆಟ್ಟದ ಸೀಮೆಯಲ್ಲಿ ತೊಡಕು ಇನ್ನೂ ಹೆಚ್ಚು; ಮನೆಯಲ್ಲಿ ಮೋರಾಗ್ ಎಂದು ಕರೆಸಿಕೊಂಡವಳು ಪುಸ್ತಕದಲ್ಲಿ ಮೇರಿಯನ್ ಎಂದೋ ಸಾರಾ ಎಂದೋ ಆಗಿರಬಹುದು. ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು, ಹಿರಿಯ ಮಗಳಿಗೆ ತಾಯಿಯ ತಾಯಿಯ ಹೆಸರು ಎಂಬ ಹಳೆಯ ವಾಡಿಕೆಯು ಇಂಥಲ್ಲಿ ದಾರಿತೋರುವುದುಂಟು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಮ್ಮ ಗೃಹಸ್ಥರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈಗ ಅಲ್ಲಿ ಹೊತ್ತಗೆಗಳನ್ನು ಕೈಯಿಂದ ಮುಟ್ಟಿ ಹಾಳೆ ತಿರುವಬೇಕಾಗಿಲ್ಲ. ದಿನದ ಶುಲ್ಕವನ್ನು ಕೊಟ್ಟು ಪೀಠದಲ್ಲಿ ಕುಳಿತರೆ ಹಾಳೆಗಳ ಛಾಯೆಯು ಗಣಕಯಂತ್ರದ ತೆರೆಯ ಮೇಲೆ ಮೂಡುತ್ತದೆ. ದೂರದಲ್ಲಿರುವವರು ಮನೆಯಲ್ಲಿಯೇ ಅಂತರ್ಜಾಲದ ಮೂಲಕ ನೋಡಬಹುದು. ಬದುಕಿರುವವರ ಮಾನವನ್ನು ಕಾಯುವುದಕ್ಕಾಗಿ ಜನನಕ್ಕೆ 100, ಮದುವೆಗೆ 75, ಮರಣಕ್ಕೆ 50 ವರ್ಷ ತುಂಬಿದ ಹಾಳೆಗಳನ್ನು ಮಾತ್ರ ಹಾಗೆ ತೆರೆದಿಟ್ಟಿದ್ದಾರೆ. ಹೊಟ್ಟೆಪಾಡಿಗಾಗಿ ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಿಗೆ ವಲಸೆಹೋದ ಸ್ಕಾಟರ ಸಂತತಿಯವರಿಗೆ ತಮ್ಮ ಬೇರನ್ನು ಅರಸುವ ಮುಖ್ಯವಾದ ನೆಲೆಯಿದು. ನಮ್ಮ ನಾಡಿಗೂ ಸ್ಕಾಟರು ಬಂದಿದ್ದರು. ಬೆಂಗಳೂರಿನ ದಂಡಿನಲ್ಲಿ 1866ರಲ್ಲಿ ತೆರೆದ ಸೇಂಟ್ ಆಂಡ್ರೂಸ್ ಚರ್ಚು ಅವರದೇ. ಆದರೆ ಇಲ್ಲಿ ಹುಟ್ಟಿದ, ಇಲ್ಲಿ ಮಣ್ಣಾದ ಸ್ಕಾಟರನ್ನು ಅರಸುವವರು ಎಡಿನ್‌ಬರೋ ಒಂದನ್ನೇ ನಂಬಬಾರದು. ಮದರಾಸಿನ ಮೂಲಕ ಕಳುಹಿಸಿದ ಚರ್ಚಿನ ಲೆಕ್ಕಗಳ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ.

ನಮ್ಮಲ್ಲಿ ಎತ್ತಿನ ಮೇಲೆ ಬರುವ ಹೆಳವರು ಮನೆಯ ಬಾಗಿಲಲ್ಲಿ ನಿಂತು ವಂಶಾವಳಿಯನ್ನು ಹೇಳುತ್ತಿದ್ದರು. ಕೆಲವು ಊರುಗಳಲ್ಲಿ ಇಂದಿಗೂ ಹೇಳುವರು. ಅದು ಅಮೂಲ್ಯವಾದ ವಿದ್ಯೆ. ಆದರೆ ಅಜ್ಜಿಯ ತವರು ಯಾವುದು, ಆಕೆಯ ತಾಯಿಯ ಹೆಸರೇನು ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಮನೆಗಳಿಂದ ಉತ್ತರ ಬಂದೀತು? ಸ್ಕಾಟ್ಲೆಂಡಿನ ರಿಜಿಸ್ಟ್ರಾರನು ಬಡವ ಬಲ್ಲಿದನೆನ್ನದೆ ಪ್ರತಿಯೊಬ್ಬರ ವಿಷಯದಲ್ಲಿಯೂ ಆ ಒಂದು ಪ್ರಶ್ನೆಯನ್ನು ಕೇಳಿದನು. ಅದರಿಂದಲೇ ಲಕ್ಷಾಂತರ ತಾಯಂದಿರ ಹೆಸರುಗಳು ಉಳಿದುವು. ಕೇಳುವುದಕ್ಕೆ ಕಾನೂನೇ ಬೇಕೆಂಬ ನಿಯಮವಿಲ್ಲ. ಮನೆಯಲ್ಲಿ ಹಿರಿಯರು ಇರುವಾಗಲೇ, ಬಿಡುವಿನ ಒಂದು ಸಂಜೆ ಅವರ ಬಳಿ ಕುಳಿತು, ಹೆಸರು, ಊರು, ತವರು, ಮದುವೆಯ ವರ್ಷ ಇಷ್ಟನ್ನು ಕೇಳಿ ಬರೆದುಕೊಳ್ಳಿರಿ. ಹೇಳಿದವರ ಹೆಸರನ್ನೂ ಹೇಳಿದ ದಿನವನ್ನೂ ಕೆಳಗೆ ನಮೂದಿಸಿರಿ. ಲೆಕ್ಕದ ಪುಸ್ತಕದ ಕೊನೆಯ ಹಾಳೆಯಾದರೂ ಸಾಕು.