ಬೂದಿ ಮುಟ್ಟಿ ನೋಡುವವರು

ಜನವರಿಯ ಬೆಳಗು, ಆರೂವರೆ. ಮೇಲುಕಾಮನಹಳ್ಳಿ ಗೇಟು ದಾಟಿ ಊಟಿ ರಸ್ತೆಯಲ್ಲಿ ಸ್ವಲ್ಪ ದೂರ ಬಂದು ಜೀಪು ನಿಂತಿದೆ. ರಾತ್ರಿ ಒಂಬತ್ತಕ್ಕೆ ಮುಚ್ಚಿದ್ದ ರಸ್ತೆ ಆರಕ್ಕೆ ತೆರೆದಿದೆ, ಲಾರಿಗಳು ಸಾಲುಗಟ್ಟಿ ಹೊರಟಿವೆ. ನೀವು ಇಳಿದು ನಿಂತ ಕಡೆ ರಸ್ತೆಯುದ್ದಕ್ಕೂ ಒಂದು ಅಗಲವಾದ ಪಟ್ಟಿ. ಅಲ್ಲಿದ್ದ ಹುಲ್ಲು, ಲಂಟಾನ ಎಲ್ಲವನ್ನೂ ಕೆಲವು ವಾರಗಳ ಹಿಂದೆ ಸವರಿ ಕೆಡವಿದ್ದಾರೆ. ಮೇಲೆ ಇಬ್ಬನಿ ಕೂತಿದ್ದರೂ ಒಳಗೆಲ್ಲ ಒಣಗಿ ಗರಿಗರಿಯಾಗಿದೆ. ಬಂಡೀಪುರದ ಫೈರ್ ಲೈನ್ ಇದು. ಇವತ್ತು ಸುಡಬೇಕು. ಮಾರ್ಚಿನಲ್ಲಿ ಎಲ್ಲಿಂದಲೋ ಕಾಳ್ಗಿಚ್ಚು ಬಂದರೆ ಇಲ್ಲಿ ಅದಕ್ಕೆ ಮೇಯಲು ಏನೂ ಸಿಗಬಾರದು.

ಗಾರ್ಡ್ ಒಂದು ಹಿಡಿ ಒಣಹುಲ್ಲನ್ನು ಅಂಗೈಯಲ್ಲಿ ತಿಕ್ಕಿ ಪುಡಿಮಾಡಿ, ಕೈಯೆತ್ತಿ ಬಿಡುತ್ತಾರೆ. ಪುಡಿ ರಸ್ತೆಯ ಕಡೆ ವಾಲಿ ಬೀಳುತ್ತದೆ. ಗಾಳಿ ಕಾಡಿನಿಂದ ಬರುತ್ತಿದೆ. ಹಾಗಾದರೆ ಕಡ್ಡಿ ಗೀರಬೇಕಾದದ್ದು ರಸ್ತೆಯ ಅಂಚಿನಲ್ಲಿ. ಅಲ್ಲಿಟ್ಟ ಬೆಂಕಿ ಗಾಳಿಗೆ ಎದುರಾಗಿ ನಿಧಾನಕ್ಕೆ ತಿನ್ನುತ್ತ ಹೋಗುತ್ತದೆ. ಗಾಳಿಯ ಜೊತೆಗೆ ಬಿಟ್ಟರೆ ಓಡುತ್ತದೆ, ಓಡುವ ಬೆಂಕಿಯ ಹಿಂದೆ ಮನುಷ್ಯ ಓಡಲಾರ.

ಮೊದಲು ಏಳುವುದು ದಪ್ಪನೆಯ ಬಿಳಿ ಹೊಗೆ. ಆಮೇಲೆ ಹುಲ್ಲಿನ ಬುಡದಲ್ಲಿ ಗೇಣುದ್ದದ ಉರಿ, ಕಾಲ್ನಡಿಗೆಗಿಂತ ಮೆಲ್ಲಗೆ. ಇಷ್ಟೇನಾ ಅಂದುಕೊಳ್ಳುವಷ್ಟರಲ್ಲಿ ಅದಕ್ಕೆ ಲಂಟಾನದ ಒಂದು ಗುಡ್ಡೆ ಸಿಕ್ಕಿತು. ಚಟಚಟ ಸದ್ದು, ಉರಿ ಒಮ್ಮೆಗೇ ಆಳೆತ್ತರ. ನೀವು ಮುಖ ತಿರುಗಿಸಿಕೊಂಡರೂ ರೆಪ್ಪೆಗೆ ಬಿಸಿ ತಾಗಿಯೇ ಬಿಟ್ಟಿದೆ.

“ಅಣ್ಣ, ಕಿಡಿ ಆ ಕಡ ಹಾರ್ತಾ ಅದ!”

“ಸೊಪ್ಪು ತಕ್ಕಂಡ್ ನಿಂತ್ಕ ಕಣ್ಲಾ, ಓಡ್ಬ್ಯಾಡ.”

ಕಾಡಿನ ಅಂಚಿನಲ್ಲಿ ಹಸಿ ಸೊಪ್ಪಿನ ಕೊಂಬೆ ಹಿಡಿದು ನಿಂತಿರುವ ವಾಚರ್ ಹುಡುಗ ಬಗ್ಗಿ, ಕಿಡಿ ಬಿದ್ದ ಕಡೆ ಸೊಪ್ಪನ್ನು ಒತ್ತಿ ಹಿಡಿಯುತ್ತಾನೆ. ಎತ್ತಿ ಬಡಿದರೆ ಇದ್ದ ಒಂದು ಕಿಡಿ ಹತ್ತಾಗಿ ಹಾರುತ್ತದೆ. ಒತ್ತಬೇಕು, ಉಸಿರು ಕಟ್ಟುವ ತನಕ ಒತ್ತಬೇಕು.

ಪಟ್ಟಿಯಿಂದ ಇಪ್ಪತ್ತು ಹೆಜ್ಜೆ ಆಚೆ, ಒಂದು ಮರದಡಿ, ಮೂರು ಕಲ್ಲುಗಳು. ನಡುವೆ ಬೂದಿ, ಅರ್ಧ ಸುಟ್ಟ ಕೊಂಬೆ, ಬಿಸ್ಕತ್ತಿನ ಪೊಟ್ಟಣ. ಯಾರೋ ಇಳಿದು ಚಹಾ ಕಾಸಿಕೊಂಡು ಹೋಗಿದ್ದಾರೆ. ಈ ರಸ್ತೆಯಲ್ಲಿ ವಾಹನ ನಿಲ್ಲಿಸುವ ಹಾಗೇ ಇಲ್ಲ, ಆದರೂ. ಹಿರಿಯ ವಾಚರ್ ಕೂತು ಬೂದಿಯೊಳಗೆ ಬೆರಳು ತೂರಿಸುತ್ತಾರೆ. ಮೇಲೆ ತಣ್ಣಗಿದೆ. ತಳದ ತರಗನ್ನು ಕೆದಕಿದರೆ ಬೆಚ್ಚಗಿದೆ. ಆಕಾಶದಿಂದ ಉಪಗ್ರಹಗಳು ಕಾಡಿನ ಬೆಂಕಿಯನ್ನು ಗುರುತಿಸುತ್ತವೆ, ಮೊಬೈಲಿಗೆ ಎಚ್ಚರಿಕೆ ಬರುತ್ತದೆ. ಬೂದಿಯಡಿಯ ಈ ಬಿಸಿಯನ್ನು ಗುರುತಿಸಲು ಬೆರಳೇ ಬೇಕು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಮು ಓದಿದಾಗಲೆಲ್ಲ ಅದನ್ನು ಬರೆದವರಿಗೆ ಈ ಬೂದಿಯ ಪರಿಚಯವಿತ್ತು ಅನ್ನಿಸುತ್ತದೆ. ಅಭಯಾರಣ್ಯಕ್ಕೆ ಬೆಂಕಿ ಇಡುವುದು ತಪ್ಪು. ಕಾಡಿಗೆ ಅಪಾಯವಾಗುವಂತೆ ಒಲೆಯಷ್ಟು ಕಿಚ್ಚು ಹೊತ್ತಿಸುವುದೂ ತಪ್ಪು, ಉರಿಯುವುದನ್ನು ಹಾಗೇ ಬಿಟ್ಟು ಹೋಗುವುದೂ ತಪ್ಪು. ರಾಷ್ಟ್ರೀಯ ಉದ್ಯಾನಕ್ಕೂ ಇದೇ ನಿಯಮ. ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಚಹಾ ಕಾಸಿದವರಿಗೆ ಕಾಡು ಸುಡುವ ಉದ್ದೇಶ ಖಂಡಿತ ಇರಲಿಲ್ಲ. ಉದ್ದೇಶ ಏನಾದರೂ ಇರಲಿ, ತರಗಿಗೆ ಅದು ಗೊತ್ತಾಗುವುದಿಲ್ಲ.

2019ರ ಫೆಬ್ರುವರಿ ಕೊನೆಯಲ್ಲಿ ಈ ಕಾಡು ದಿನಗಟ್ಟಲೆ ಉರಿಯಿತು. ಗೋಪಾಲಸ್ವಾಮಿ ಬೆಟ್ಟದ ಸುತ್ತಲೆಲ್ಲ ಹೊಗೆ. ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳು ಬಕೆಟ್ಟಿನಲ್ಲಿ ನೀರು ಹೊತ್ತು ತಂದು ಸುರಿದವು. ನಾಲ್ಕು ಸಾವಿರ ಹೆಕ್ಟೇರಿಗೂ ಹೆಚ್ಚು ಸುಟ್ಟಿತ್ತು. ಅದಕ್ಕೂ ಎರಡು ವರ್ಷ ಮೊದಲು, 2017ರ ಫೆಬ್ರುವರಿಯಲ್ಲಿ, ಇದೇ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಒಬ್ಬ ಅರಣ್ಯ ರಕ್ಷಕ ಹಿಂದಿರುಗಲಿಲ್ಲ. ಕಾಡಂಚಿನ ರೆಸಾರ್ಟಿಗೆ ಬಂದು ‘ಕ್ಯಾಂಪ್ ಫೈರ್ ಇಲ್ವಾ?’ ಎಂದು ಬೇಸರಪಡುವವರಿಗೆ ಇದನ್ನು ಹೇಳಬೇಕು. ಬೇಸಿಗೆಯಲ್ಲಿ ಕಾಡಿನ ಮಗ್ಗುಲಲ್ಲಿ ಮೋಜಿನ ಬೆಂಕಿ ಬೇಡವೇ ಬೇಡ. ಉಳಿದ ಕಾಲದಲ್ಲಿ, ಉಳಿದ ಕಡೆ ಹಾಕಿದರೂ ಬರಿ ಮಣ್ಣಿನ ಮೇಲೆ ಹಾಕಲಿ. ಪಕ್ಕದಲ್ಲಿ ನೀರಿರಲಿ, ಹಾಡು ಮುಗಿದ ಮೇಲೂ ಕೂತಿರುವ ಒಬ್ಬ ಮನುಷ್ಯ ಇರಲಿ.

ಬೂದಿ ಕೆದಕಿದ ಹಿರಿಯರು ಸೋಲಿಗರು, ಬಿಳಿಗಿರಿರಂಗನ ಬೆಟ್ಟದ ಕಡೆಯವರು. ನೀವು ಕೇಳದಿದ್ದರೂ ಹೇಳುತ್ತಾರೆ. “ನಮ್ಮಪ್ಪನ ಕಾಲ್ದಲ್ಲಿ ತರಗು ಬೆಂಕಿ ಹಾಕೋರು ಬುದ್ಧಿ. ತರಗು ಮಾತ್ರ ಸುಡೋದು, ಮರಕ್ಕ ಏನೂ ಆಯ್ತಿರ್ನಿಲ್ಲ.” ಬೇಸಿಗೆ ಬಲಿಯುವ ಮುನ್ನ, ತರಗು ತೆಳುವಾಗಿ ಬಿದ್ದಿರುವಾಗಲೇ ಇಡುತ್ತಿದ್ದ ತಣ್ಣನೆಯ ಬೆಂಕಿ ಅದು. ಹೊಸ ಹುಲ್ಲು ಬರುತ್ತಿತ್ತು. ನೆಲ್ಲಿ ಮರಗಳಿಗೆ ಬದನಿಕೆ ಹತ್ತುತ್ತಿರಲಿಲ್ಲ. ಬೆಟ್ಟ 1974ರಲ್ಲಿ ಅಭಯಾರಣ್ಯವಾಯಿತು, ತರಗು ಬೆಂಕಿ ನಿಂತಿತು. ಲಂಟಾನ ಹಬ್ಬಿದ್ದು ಅದರಿಂದಲೇ ಎನ್ನುತ್ತಾರೆ ಸೋಲಿಗರು. 2011ರಲ್ಲಿ ಅವರಿಗೆ ಅಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಸಿಕ್ಕ ಹಕ್ಕುಗಳಲ್ಲಿ ಬೆಂಕಿ ಇರಲಿಲ್ಲ.

ಋತು ನೋಡಿ, ಗಾಳಿ ನೋಡಿ, ಜೊತೆಗೆ ನಿಂತು ಸುಡುತ್ತಿದ್ದವರನ್ನೂ ಚಹಾ ಕಾಸಿ ಕಾರು ಹತ್ತಿದವರನ್ನೂ ಒಂದೇ ಕಲಮಿನಲ್ಲಿ ಕಟ್ಟಿದ್ದು ಅನ್ಯಾಯವೆಂದೇ ನಾನು ತಿಳಿದಿದ್ದೇನೆ. ಹಾಗೆಂದು ನಾಳೆಯೇ ತರಗು ಬೆಂಕಿಗೆ ಬಿಡಿ ಎನ್ನಲೂ ಆಗದು. ಈಗ ನೆಲದ ಮೇಲೆ ಬರೀ ತರಗಿಲ್ಲ, ಆಳೆತ್ತರದ ಲಂಟಾನವಿದೆ. ಅದು ಹೊತ್ತಿಕೊಂಡರೆ ಉರಿ ಮರದ ನೆತ್ತಿಗೇ ಹೋಗುತ್ತದೆ. ಮೊದಲು ಲಂಟಾನ ಕೀಳಬೇಕು, ಆಮೇಲೆ ಎಲ್ಲಿ ಯಾವಾಗ ಸುಡಬೇಕೆಂದು ಈ ಹಿರಿಯರನ್ನು ಕೂರಿಸಿಕೊಂಡು ಕೇಳಬೇಕು. ಈಗ ಅವರ ಪಾಲಿಗಿರುವುದು ಬೇಸಿಗೆಯ ವಾಚರ್ ಕೆಲಸ ಮಾತ್ರ, ಮಳೆ ಹಿಡಿದರೆ ಅದೂ ಇಲ್ಲ.

ಒಂಬತ್ತು ಗಂಟೆ. ಬಿಸಿಲು ಚುರುಗುಟ್ಟುತ್ತಿದೆ. ಗಾರ್ಡ್ ಮತ್ತೆ ಹುಲ್ಲಿನ ಪುಡಿ ಬಿಡುತ್ತಾರೆ. ಈ ಸಲ ಅದು ಬೀಳುವುದಿಲ್ಲ, ಅಡ್ಡಡ್ಡ ಹಾರುತ್ತದೆ. “ಸಾಕು, ಉಳಿದದ್ದು ನಾಳೆ.” ಪಟ್ಟಿ ಇನ್ನೂ ಬಹಳ ಉಳಿದಿದೆ, ಯಾರೂ ವಾದಿಸುವುದಿಲ್ಲ. ಉಪ್ಪಿಟ್ಟಿನ ಡಬ್ಬಿ ತೆರೆಯುವ ಸದ್ದು. ಹಿರಿಯರು ಮತ್ತು ಆ ಹುಡುಗ ಮಾತ್ರ ತಿಂಡಿಗೆ ಬಂದಿಲ್ಲ. ಕರಿಯಾದ ಪಟ್ಟಿಯ ನಡುವೆ ಒಂದು ಒಣ ಬೊಡ್ಡೆ ಒಳಗೊಳಗೇ ಹೊಗೆಯುತ್ತಿದೆ. ಹುಡುಗ ಮಚ್ಚಿನಲ್ಲಿ ಅದನ್ನು ಸೀಳುತ್ತಾನೆ, ಹಿರಿಯರು ಬೆನ್ನಿನ ಕ್ಯಾನಿನಿಂದ ನೀರು ಹಾಯಿಸುತ್ತಾರೆ, ಕೆದಕುತ್ತಾರೆ, ಮತ್ತೆ ಹಾಯಿಸುತ್ತಾರೆ. ಮಧ್ಯಾಹ್ನದವರೆಗೆ ಇಬ್ಬರೂ ಇಲ್ಲೇ. ಕ್ಯಾನು ಖಾಲಿಯಾಯಿತು. ಜೀಪಿನಲ್ಲಿ ಇನ್ನೊಂದಿದೆ, ಬೇಗ ತನ್ನಿ ಎಂದು ನಿಮ್ಮನ್ನೇ ಕಳಿಸುತ್ತಾರೆ.