ಮನೆತನದ ಹೆಸರಿನ ಆಟ

ಬೇಸಿಗೆ ಬಂದಿತೆಂದರೆ ಕೊಡಗಿನ ಒಂದಲ್ಲ ಒಂದು ಊರಿನ ಮೈದಾನಕ್ಕೆ ಹಬ್ಬದ ಕಳೆ ಏರುವುದು. ದೂರದ ನಗರಗಳಲ್ಲಿ ನೆಲಸಿದವರೂ ಹಾಕಿ ಸ್ಟಿಕ್ ಹಿಡಿದು ಮರಳುವರು. ಈ ಪಂದ್ಯಾವಳಿಯಲ್ಲಿ ಕ್ಲಬ್ಬುಗಳಿಲ್ಲ. ಒಂದೊಂದು ಕೊಡವ ಒಕ್ಕವೂ, ಎಂದರೆ ಮನೆತನವೂ, ಒಂದೊಂದು ತಂಡ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಇದನ್ನು ಆರಂಭಿಸಿದಾಗ ಸೇರಿದ ಒಕ್ಕಗಳು 60. 2024ರಲ್ಲಿ ನಾಪೋಕ್ಲುವಿನಲ್ಲಿ ಸೇರಿದವು 360.

ಹಗ್ಗವೆಳೆಯುವವರು ಹೆಚ್ಚಿದಷ್ಟೂ ಒಬ್ಬೊಬ್ಬನು ಹಾಕುವ ಬಲ ಕುಗ್ಗುವುದೆಂದು ಫ್ರಾನ್ಸಿನ ರಿಂಗಲ್‌ಮನ್ 1913ರಲ್ಲಿ ಪ್ರಕಟಿಸಿದ್ದನು. ಗುಂಪಿನ ಮರೆಯಲ್ಲಿ ತನ್ನ ಆಲಸ್ಯ ಯಾರಿಗೂ ಕಾಣದೆಂಬ ಭಾವನೆಯೂ ಅದಕ್ಕೊಂದು ಕಾರಣವೆಂದು ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಕೊಡಗಿನ ಈ ಮೈದಾನದಲ್ಲಿ ಅಂತಹ ಮರೆಯೆಲ್ಲಿಯದು? ಅಂಚಿನಲ್ಲಿ ಕುಳಿತು ನೋಡುವವರು ಸ್ವಂತ ಬಂಧುಗಳು. ಕರೆಯುವ ಹೆಸರು ಮನೆತನದ್ದು. ಹೆಂಗಸರು, ಮಕ್ಕಳು, ತಲೆ ನರೆತವರು ಒಂದೇ ತಂಡದಲ್ಲಿ ಆಡುವಾಗ, ಏದುಸಿರು ಬಿಡುವ ಹಿರಿಯರೂ ಚೆಂಡಿನ ಹಿಂದೆ ಇನ್ನೊಂದು ಸಲ ಓಡುವರು.

ಬಹುಮಾನವೊಂದೇ ಗುರಿಯಾಗಿದ್ದರೆ ಇಷ್ಟು ಜನ ಬರುತ್ತಿರಲಿಲ್ಲ. 360 ತಂಡಗಳಲ್ಲಿ 359 ಸೋಲಲೇಬೇಕಷ್ಟೆ! ಸೋತವರು ಮರುವರ್ಷ ಮತ್ತೆ ಬರುವರು. ಮನೆಮಂದಿಯೆಲ್ಲ ಹಂಚಿಕೊಂಡ ಸೋಲು ಯಾರೊಬ್ಬರ ಹೆಗಲಿಗೂ ಭಾರವಾಗದು.